ದೊಡ್ಡ ಸೆಡಾನ್: ಐದು ಜನರ ಮನೆಗೆ ಹಿಂದಿನ ಸೀಟು ನಿಜಕ್ಕೂ ಆರಾಮವೇ? (ಕ್ಯಾಮ್ರಿ, ಹಳೇ ಸೂಪರ್ಬ್, ಹೈಕ್ರಾಸ್)

ಶಿರಾಡಿ ದಾಟಿದವ:

ಎಲ್ಲರಿಗೂ ನಮಸ್ಕಾರ. ಕಾರು ಬದಲಿಸಬೇಕು ಅಂತಿದೀನಿ, ನಿಮ್ಮ ಅನುಭವ ಬೇಕು.

ಮನೇಲಿ ಐದು ಜನ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಅಪ್ಪ, ಅಮ್ಮ. ಅಮ್ಮನಿಗೆ ಮಂಡಿ ನೋವು, ಅಪ್ಪನಿಗೆ ಸೊಂಟದ ಡಿಸ್ಕ್ ತೊಂದರೆ. ವಾರವಿಡೀ ಬೆಂಗಳೂರಿನ ಟ್ರಾಫಿಕ್, ಹಬ್ಬಕ್ಕೆ, ತೋಟದ ಕೆಲಸಕ್ಕೆ ಅಂತ ಪುತ್ತೂರಿಗೆ ಓಡಾಟ. ಈಗಿರೋ ಚಿಕ್ಕ ಸೆಡಾನಿನಲ್ಲಿ ಹಾಸನ ಬರೋಷ್ಟರಲ್ಲಿ ಅಪ್ಪ ಇಳಿದು ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಕಣ್ಣಿಟ್ಟಿರೋದು ಟೊಯೊಟಾ ಕ್ಯಾಮ್ರಿ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಮೋಟರೂ ಇರೋದು) ಮೇಲೆ. ಹೊಸದು ತಗೊಂಡರೆ ಕೈ ಸ್ವಲ್ಪ ಹೆಚ್ಚೇ ಚಾಚಬೇಕು, ಹಾಗಾಗಿ 2019ರ ನಂತರದ ಸೆಕೆಂಡ್ ಹ್ಯಾಂಡ್ ಆದರೂ ಸರಿ. ಸ್ಕೋಡಾ ಸೂಪರ್ಬ್ ಕೂಡ ತಲೇಲಿದೆ. ಕೇಳಿದವರೆಲ್ಲ ಎಸ್‌ಯುವಿ ತಗೋ ಅಂತಾರೆ. ನನಗೆ ಎತ್ತರದ ಗಾಡಿಗಳ ಓಲಾಟ ಹಿಡಿಸಲ್ಲ. ಬ್ರೋಷರಿನಲ್ಲಿರೋ ಫೀಚರ್‌ಗಳಲ್ಲಿ ಹಿಂದೆ ಕೂತವರಿಗೆ ನಿಜವಾಗಿ ಉಪಯೋಗಕ್ಕೆ ಬರೋದು ಯಾವುದು? ದಯವಿಟ್ಟು ತಿಳಿಸಿ.

ಗ್ಯಾರೇಜ್ ಮೇಷ್ಟ್ರು:

ಫೀಚರ್ ಪಟ್ಟಿ ಪಕ್ಕಕ್ಕಿಟ್ಟು ಮೊದಲು ಒಂದು ಅಳತೆ ಟೇಪು ಹಿಡ್ಕೊಳ್ಳಿ ಸರ್.

ತಾಯಿಯವರನ್ನು ಕುರ್ಚಿ ಮೇಲೆ ನೇರವಾಗಿ ಕೂರಿಸಿ, ಪಾದದಿಂದ ಮಂಡಿ ಹಿಂಬದಿಯ ಮಡಿಕೆವರೆಗೆ ಎಷ್ಟು ಎತ್ತರ ಅಂತ ಅಳೆಯಿರಿ. ಆಮೇಲೆ ಶೋರೂಮಿಗೆ ಹೋಗಿ ಕಾರಿನ ಒಳಗಿನ ಫ್ಲೋರಿನಿಂದ ಹಿಂದಿನ ಸೀಟಿನ ಮುಂಚೂಣಿ ಅಂಚಿನವರೆಗೆ ಅಳೆಯಿರಿ. ಸೀಟು ತೀರಾ ತಗ್ಗಾಗಿದ್ದರೆ ಮಂಡಿ ಮೇಲಕ್ಕೆ ಬರುತ್ತೆ, ತೊಡೆ ಸೀಟಿಂದ ಎದ್ದುಬಿಡುತ್ತೆ, ಮೈಭಾರವೆಲ್ಲ ಬಾಲಮೂಳೆ ಮೇಲೆ ಬೀಳುತ್ತೆ. ಒಂದು ಗಂಟೆ ಏನೂ ಗೊತ್ತಾಗಲ್ಲ. ಮೂರನೇ ಗಂಟೆಗೆ ಸೊಂಟ ಹಿಡಿಯುತ್ತೆ. ನಿಮ್ಮ ತಂದೆಯವರು ಹಾಸನದಲ್ಲಿ ಇಳಿಯೋದಕ್ಕೆ ಇದೂ ಕಾರಣ ಇರಬಹುದು. ಕಾಲು ಚಾಚೋ ಜಾಗ ಎಷ್ಟಿದೆ ಅಂತ ಎಲ್ಲರೂ ನೋಡ್ತಾರೆ, ತೊಡೆಗೆ ಆಧಾರ ಎಷ್ಟಿದೆ ಅಂತ ನೋಡೋರು ಕಡಿಮೆ.

ಕ್ಯಾಮ್ರಿಯ ವೀಲ್‌ಬೇಸ್, ಅಂದರೆ ಮುಂದಿನ, ಹಿಂದಿನ ಚಕ್ರದ ನಡುವಿನ ಅಂತರ, 2825 ಮಿ.ಮೀ. ಹೊಸದರ ಉದ್ದ 4920 ಮಿ.ಮೀ. ಕಾಲಿಗೆ ಜಾಗ ಧಾರಾಳ. ಹಿಂದಿನ ಸೀಟಿನ ಬೆನ್ನು ಮೋಟರಿನಿಂದ ಹಿಂದಕ್ಕೆ ವಾಲುತ್ತೆ. ಡಿಸ್ಕ್ ತೊಂದರೆ ಇದ್ದವರಿಗೆ ಅದು ಬರೀ ಶೋಕಿ ಅಲ್ಲ, ಬೆನ್ನಿನ ಕೋನ ಆಗಾಗ ಬದಲಾಗ್ತಾ ಇದ್ದರೆ ಒಂದೇ ಜಾಗದ ಮೇಲೆ ಒತ್ತಡ ನಿಲ್ಲಲ್ಲ. ಆದರೆ ಕಾರಿನ ಎತ್ತರ 1455 ಮಿ.ಮೀ. ಮಾತ್ರ. ಮಂಡಿ ನೋವಿರೋರು ತಲೆ ತಗ್ಗಿಸಿ, ಕೆಳಕ್ಕೆ ಇಳಿದು ಕೂರಬೇಕು. ಇಳಿಯುವಾಗ ಪೂರ್ತಿ ಭಾರ ಮಂಡಿ ಮೇಲೆ ಹಾಕಿ ಏಳಬೇಕು. ಒಳಗೆ ಕೂತ ಮೇಲಿನ ಸುಖ ಬೇರೆ, ಹತ್ತಿ ಇಳಿಯೋ ಕಷ್ಟ ಬೇರೆ. ಎರಡನ್ನೂ ಬೇರೆಬೇರೆಯಾಗಿಯೇ ಪರೀಕ್ಷೆ ಮಾಡಿ.

ಹುಬ್ಬಳ್ಳಿ ಹೈವೇ:

ನಮ್ಮನ್ಯಾಗ ಸೂಪರ್ಬ್ ಐತ್ರೀ, 2.0 ಟಿಎಸ್‌ಐ ಪೆಟ್ರೋಲ್ ಇಂಜಿನ್ನಿಂದು. ಹಿಂದ್ ಕುಂತವರು ಕಾಲ್ ಮ್ಯಾಲ ಕಾಲ್ ಹಾಕ್ಕೊಂಡ್ ಕುಂತ್ರೂ ಮುಂದಿನ ಸೀಟ್‌ಗೆ ತಾಗಂಗಿಲ್ಲ. ಡಿಕ್ಕಿ 625 ಲೀಟರ್. ಗಾಜು ಸಮೇತ ಪೂರ್ತಿ ಬಾಗಿಲು ಮ್ಯಾಲೇಳತದ, ಜೋಳದ ಚೀಲ, ಸೂಟ್‌ಕೇಸ್ ಏನ್ ಬೇಕಾದ್ರೂ ಸಲೀಸಾಗಿ ಇಡಬಹುದು. ಮುಂದಿನ ಬಾಗಲದಾಗ ಛತ್ರಿ ಇಡಾಕ ಒಂದು ತೂತು ಕೊಟ್ಟಾರ, ಹಸಿ ಛತ್ರಿ ಇಟ್ಟರ ನೀರು ತಾನ ಹೊರಗ ಹೋಗತದ. ಮಳಿಗಾಲದಾಗ ಅದರ ಬೆಲೆ ಗೊತ್ತಾಗೋದು.

ಹಂಗಂತ ಕೊರತಿ ಹೇಳದ ಬಿಡಂಗಿಲ್ಲ. ನಡುವ ಫ್ಲೋರ್‌ನ್ಯಾಗ ಉಬ್ಬು ಭಾಳ ಎತ್ತರ ಐತಿ. ನಡುವ ಕುಂತವರು ಆ ಕಡಿ ಒಂದು ಕಾಲು, ಈ ಕಡಿ ಒಂದು ಕಾಲು ಇಟ್ಕೊಂಡ ಕೂಡಬೇಕು. ನಾಲ್ಕ್ ಮಂದಿಗೆ ಇದರಂಥ ಗಾಡಿ ಇಲ್ಲ, ಐದ್ ಮಂದಿಗೆ ಅಂದ್ರ ಒಬ್ಬರಿಗೆ ತ್ರಾಸು ಖರೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಿದ್ರ ಗೇರ್‌ಬಾಕ್ಸ್ ನೋಡಿ ತಗೋರಿ. 1.8 ಟಿಎಸ್‌ಐಗೆ ಬಂದಿದ್ದು ಒಣ ಕ್ಲಚ್ಚಿನ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಬೆಂಗಳೂರಿನ್ಯಾಗ ಇಂಚಿಂಚು ಸರಿಯೋ ಟ್ರಾಫಿಕ್ಕಿಗೆ ಆ ಕ್ಲಚ್ ಕಾಯತದ. 2020ರಿಂದ ಈಚಿನ 2.0 ಗಾಡಿಗೆ ಎಣ್ಣಿಯೊಳಗ ಮುಳುಗಿರೋ ಕ್ಲಚ್ ಐತಿ, ಅದು ಲೇಸು.

ಕರಾವಳಿ ಚಾಲಕಿ:

ಪುತ್ತೂರಿನವರು ಅಂತ ನೋಡಿ ಬರೀತಿದ್ದೇನೆ. ಶಿರಾಡಿ, ಚಾರ್ಮಾಡಿ ಎರಡರಲ್ಲೂ ಮಕ್ಕಳನ್ನು ಕೂರಿಸಿಕೊಂಡು ಓಡಿಸಿದವಳು ನಾನು. ನಿಮ್ಮ ಮಗಳ ಹೊಟ್ಟೆಯ ಬಗ್ಗೆ ಯಾರೂ ಮಾತಾಡಲಿಲ್ಲ.

ದೊಡ್ಡ ಸೆಡಾನ್ ಅಂದರೆ ಮೆತ್ತಗಿನ ಸಸ್ಪೆನ್ಶನ್. ನೇರ ರಸ್ತೆಯಲ್ಲಿ ಅದು ಹಾಯಾಗಿರುತ್ತದೆ. ಸಕಲೇಶಪುರ ದಾಟಿ ತಿರುವು ಶುರುವಾದ ಮೇಲೆ ಅದೇ ಮೆತ್ತಗಿನ ಗುಣ ಕಾರನ್ನು ನಿಧಾನಕ್ಕೆ ಆ ಕಡೆ ಈ ಕಡೆ ಹೊಯ್ದಾಡಿಸುತ್ತದೆ. ಹಿಂದೆ ಕೂತ ಮಗುವಿಗೆ ಎದುರಿನ ರಸ್ತೆ ಕಾಣುವುದಿಲ್ಲ, ಕಾಣುವುದು ಸೀಟಿನ ಬೆನ್ನು ಮಾತ್ರ. ಕಣ್ಣು ನಿಂತಿದ್ದೇವೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ತಿರುಗುತ್ತಿದ್ದೇವೆ ಅನ್ನುತ್ತದೆ. ವಾಂತಿ ಬರುವುದು ಅಲ್ಲಿಂದ. ಮುಂದಿನ ಸೀಟಿನ ಹೆಡ್‌ರೆಸ್ಟ್ ದಪ್ಪ ಇದ್ದಷ್ಟೂ ತೊಂದರೆ ಜಾಸ್ತಿ. ನಡುವಿನ ಸೀಟಿನಲ್ಲಿ ಬೂಸ್ಟರ್ ಇಟ್ಟು ಕೂರಿಸಿದರೆ ಎರಡು ಸೀಟುಗಳ ನಡುವಿನಿಂದ ರಸ್ತೆ ಕಾಣುತ್ತದೆ. ನಮ್ಮ ಮನೆಯಲ್ಲಿ ಅದರಿಂದಲೇ ಬಹಳ ಮಟ್ಟಿಗೆ ನಿಂತದ್ದು. ಮಧ್ಯದ ಸೀಟಿಗೂ ಭುಜದ ಮೇಲಿಂದ ಬರುವ ಮೂರು ಬಿಂದುವಿನ ಬೆಲ್ಟ್ ಬೇಕು ಅನ್ನುವುದು ನೆನಪಿರಲಿ, ಬರೀ ಸೊಂಟಪಟ್ಟಿ ಇದ್ದರೆ ಬೂಸ್ಟರ್ ಇಡಬಾರದು.

ಕ್ಯಾಮ್ರಿ ಹೈಬ್ರಿಡ್‌ನ ಇ-ಸಿವಿಟಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ನನ್ನ ಪೂರ್ತಿ ಓಟು. ಗೇರ್ ಬದಲಾಗುವ ಜಗ್ಗುವಿಕೆ ಅನ್ನುವುದೇ ಇಲ್ಲ. ಘಟ್ಟದಲ್ಲಿ ಲಾರಿ ಹಿಂದೆ ತೆವಳುವಾಗ ಹಿಂದೆ ಕೂತವರ ತಲೆ ಹಿಂದೆ ಮುಂದೆ ಅಲ್ಲಾಡುವುದಿಲ್ಲ. ವಯಸ್ಸಾದವರ ಕುತ್ತಿಗೆಗೂ ಅದು ಒಳ್ಳೆಯದು.

ಲೋಡ್ ಹಾಕಿ ನೋಡು:

ಇಲ್ಲಿ ಯಾರೂ ಹಂಪ್ಸ್ ವಿಷಯ ಎತ್ತಿಲ್ಲ. ನಮ್ಮ ಊರುಗಳಲ್ಲಿ ಉದ್ದದ ಸೆಡಾನ್ ಓಡಿಸೋರ ಮೊದಲ ಭಯ ಅದೇ.

ಒಂದು ಲೆಕ್ಕ ಹೇಳ್ತೀನಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ಮೇಲ್ಮೈ 17 ಮೀಟರ್ ತ್ರಿಜ್ಯದ ಕಮಾನು. ಕ್ಯಾಮ್ರಿಯ ಮುಂದಿನ, ಹಿಂದಿನ ಚಕ್ರದ ನಡುವಿನ ಅಂತರ 2.825 ಮೀಟರ್. ಅಂದರೆ ಎರಡೂ ಚಕ್ರ ಹಂಪಿನ ಮೇಲೇ ಇರುತ್ತೆ. ಆಗ ಹೊಟ್ಟೆ ಕೆಳಗೆ ಕಮಾನು ಉಬ್ಬೋದು ಸುಮಾರು 6 ಸೆಂ.ಮೀ. ಮಾತ್ರ. ಇಂಥ ಸೆಡಾನ್‌ಗಳ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಕಾರಿನ ಹೊಟ್ಟೆಗಿರೋ ಎತ್ತರ) 15 ಸೆಂ.ಮೀ. ಆಸುಪಾಸು. ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿ ಕಾರು ನಾಲ್ಕೈದು ಸೆಂ.ಮೀ. ಕುಸಿದರೂ ತಾಗಲ್ಲ. ನಿಯಮದ ಪ್ರಕಾರ ಕಟ್ಟಿದ ಹಂಪಿಗೆ ಯಾವ ಸೆಡಾನೂ ಹೆದರಬೇಕಿಲ್ಲ.

ತೊಂದರೆ ಇರೋದು ಊರೊಳಗೆ ರಾತ್ರೋರಾತ್ರಿ ಡಾಂಬರು ಸುರಿದು ಮಾಡಿದ, ಒಂದು ಮೀಟರೂ ಅಗಲ ಇಲ್ಲದ, ಒಂದು ಗೇಣು ಎತ್ತರದ ದಿಣ್ಣೆಗಳಲ್ಲಿ. ಅದು ಎರಡು ಚಕ್ರದ ನಡುವೆ ಪೂರ್ತಿಯಾಗಿ ಹೊಕ್ಕುಬಿಡುತ್ತೆ, ಅದರ ಎತ್ತರವೆಲ್ಲ ಹೊಟ್ಟೆಗೇ ಬಡಿಯುತ್ತೆ. ಅಂಥ ಕಡೆ ಓರೆಯಾಗಿ ಹತ್ತಿಸಿ, ಒಂದೊಂದೇ ಚಕ್ರ ಮೇಲೇರಲಿ. ಟೆಸ್ಟ್ ಡ್ರೈವ್‌ಗೆ ಐದೂ ಜನ ಕೂತೇ ಹೋಗಿ. ಸೇಲ್ಸ್ ಹುಡುಗನ ಜೊತೆ ಒಬ್ಬರೇ ರಿಂಗ್ ರೋಡಲ್ಲಿ ಒಂದು ಸುತ್ತು ಹೊಡೆದರೆ ಏನೂ ತಿಳಿಯಲ್ಲ.

ಶಿರಾಡಿ ದಾಟಿದವ:

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನೊಂದು ಪ್ರಶ್ನೆ. ಹೈಬ್ರಿಡ್‌ನಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಆಫ್ ಆಗುತ್ತಲ್ಲ, ಆಗ ಎಸಿ? ಅಪ್ಪನಿಗೆ ಸೆಕೆ ತಡೆಯಲ್ಲ. ಬ್ಯಾಟರಿ ಎಲ್ಲಿರುತ್ತೆ, ಡಿಕ್ಕಿ ತಿನ್ನುತ್ತಾ?

ಬಿಡದಿ ಬದಿಯವನು:

ಇದಕ್ಕೆ ನಾನು ಉತ್ತರ ಕೊಡ್ತೀನಿ, ಇಷ್ಟದ ವಿಷಯ.

ಮಾಮೂಲಿ ಕಾರಿನಲ್ಲಿ ಎಸಿ ಕಂಪ್ರೆಸರ್ ಇಂಜಿನ್ ಬೆಲ್ಟಿಂದ ತಿರುಗುತ್ತೆ. ಇಂಜಿನ್ ನಿಂತರೆ ಕಂಪ್ರೆಸರೂ ನಿಂತ ಹಾಗೇ, ಬ್ಲೋವರ್ ಬಿಸಿಗಾಳಿ ಊದೋಕೆ ಶುರು. ಕ್ಯಾಮ್ರಿ ಹೈಬ್ರಿಡ್‌ನಲ್ಲಿ ಕಂಪ್ರೆಸರ್ ವಿದ್ಯುತ್ತಿನದು, ಹೈಬ್ರಿಡ್ ಬ್ಯಾಟರಿಯಿಂದ ಓಡುತ್ತೆ. ಸಿಲ್ಕ್ ಬೋರ್ಡಿನಲ್ಲಿ ಇಂಜಿನ್ ಆಫ್ ಆಗಿ ನಿಂತಿದ್ದರೂ ಒಳಗೆ ತಂಪು ಹಾಗೇ ಇರುತ್ತೆ. ಇಂಜಿನ್ನಿನ ನಡುಕ ಇಲ್ಲ, ಸದ್ದಿಲ್ಲ. ಬೆಂಗಳೂರಿನಲ್ಲಿ ದೊಡ್ಡ ಸೆಡಾನಿನ ಸುಖ ಅಂದರೆ ನನ್ನ ಪ್ರಕಾರ ಇದೇ. ಬೇಕಿದ್ದಾಗ ಮಾತ್ರ ಇಂಜಿನ್ ತಾನಾಗೇ ಎದ್ದು ಬ್ಯಾಟರಿ ತುಂಬಿಸಿ ಮತ್ತೆ ಸುಮ್ಮನಾಗುತ್ತೆ. ಮೂರು ಜೋನ್ ಎಸಿ ಇರೋದ್ರಿಂದ ಹಿಂದಿನವರು ಬೇಕಾದ ಹಾಗೆ ಇಟ್ಟುಕೋಬಹುದು. ಹಿಂದಿನ ಆರ್ಮ್‌ರೆಸ್ಟಲ್ಲೇ ಎಸಿ, ಹಾಡು, ಸೀಟು ವಾಲಿಸೋದು, ಹಿಂದಿನ ಗಾಜಿನ ತೆರೆ ಎಲ್ಲಕ್ಕೂ ಟಚ್ ಬಟನ್ ಇದೆ.

ಬ್ಯಾಟರಿ ವಿಷಯ ಗಮನ ಕೊಟ್ಟು ಓದಿ. ಈ ಕಾರು 2013ರಿಂದ ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ ಹೈಬ್ರಿಡ್ ಆಗಿ ಜೋಡಣೆ ಆಗ್ತಿದೆ. ಮೊದಲು ಬಂದ ಮಾಡೆಲ್‌ನಲ್ಲಿ ಬ್ಯಾಟರಿ ಹಿಂದಿನ ಸೀಟಿನ ಬೆನ್ನ ಹಿಂದೆ ಇತ್ತು, ಡಿಕ್ಕಿ ಜಾಗ ತಿಂತಿತ್ತು. 2019ರ ಜನವರಿಯಲ್ಲಿ ಬಂದ ಮಾಡೆಲ್‌ನಿಂದ ಅದು ಹಿಂದಿನ ಸೀಟಿನ ಅಡಿಗೆ ಹೋಗಿದೆ. ಆದ್ದರಿಂದ ನೀವು 2019ರ ನಂತರದ್ದು ಅಂದುಕೊಂಡಿರೋದೇ ಸರಿ. ಆ ಮಾಡೆಲ್‌ನದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, 2024ರ ಡಿಸೆಂಬರಿನಲ್ಲಿ ಬಂದ ಹೊಸದಕ್ಕೆ ಲಿಥಿಯಂ ಅಯಾನ್.

ಸೀಟಿನ ಅಡಿಯ ಬ್ಯಾಟರಿಗೆ ತಂಪು ಗಾಳಿ ಬರೋದು ಕ್ಯಾಬಿನ್ ಒಳಗಿಂದ. ಹಿಂದಿನ ಸೀಟಿನ ಹತ್ತಿರ ಒಂದು ಜಾಲರಿ ಇರುತ್ತೆ. ಅಜ್ಜಿಯ ಶಾಲು, ಕಂಬಳಿ, ತರಕಾರಿ ಚೀಲ, ಏನನ್ನೂ ಅದಕ್ಕೆ ಅಡ್ಡ ಇಡಬೇಡಿ. ಒಳಗಿನ ಫಿಲ್ಟರಿನಲ್ಲಿ ಧೂಳು, ಬಟ್ಟೆಯ ಎಳೆ ಕೂತು ಗಾಳಿ ಕಟ್ಟಿದರೆ ಬ್ಯಾಟರಿ ಬಿಸಿಯಾಗಿ ಬೇಗ ಸೊರಗುತ್ತೆ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ಮೊದಲು ಆ ಜಾಲರಿ ಬಿಚ್ಚಿಸಿ ನೋಡಿ. ಫಿಲ್ಟರ್ ಹೇಗಿದೆ ಅನ್ನೋದರಲ್ಲೇ ಹಳೇ ಮಾಲೀಕರು ಕಾರನ್ನು ಹೇಗೆ ನೋಡಿಕೊಂಡಿದ್ದಾರೆ ಅಂತ ಗೊತ್ತಾಗುತ್ತೆ. ಟೊಯೊಟಾ 2021ರಿಂದ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡ್ತಿದೆ. ನೀವು ನೋಡೋ ಕಾರಿಗೆ ಎಷ್ಟು ಉಳಿದಿದೆ ಅಂತ ಚಾಸಿ ನಂಬರ್ ಕೊಟ್ಟು ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಲೆಕ್ಕದ ಪುಸ್ತಕ:

ಸುಖದ ಮಾತು ಸರಿ, ದುಡ್ಡಿನ ಮಾತೂ ಬರಲಿ. ಹೊಸ ಕ್ಯಾಮ್ರಿ ಬಿಡುಗಡೆಯಾದಾಗ ಎಕ್ಸ್ ಶೋರೂಮ್ 48 ಲಕ್ಷ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇ. 18 ಜೀವಿತಾವಧಿ ತೆರಿಗೆ, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಬರೀ ರಸ್ತೆ ತೆರಿಗೆಯೇ ಒಂಬತ್ತು ಲಕ್ಷ ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗ ದೊಡ್ಡ ಪೆಟ್ರೋಲ್ ಸೆಡಾನ್‌ಗಳಿಗೆ ಶೇ. 48 ಇದ್ದದ್ದು ಶೇ. 40 ಆಯಿತು, ಹೈಬ್ರಿಡ್‌ಗೆ ಶೇ. 43 ಇದ್ದದ್ದು ಶೇ. 40. ಹೈಬ್ರಿಡ್‌ಗೆ ಇದ್ದ ತೆರಿಗೆಯ ಅನುಕೂಲ ಅಲ್ಲಿಗೆ ಹೋಯಿತು.

ಅದೇ ಬಿಡದಿಯಲ್ಲಿ ತಯಾರಾಗುವ ಇನೋವಾ ಹೈಕ್ರಾಸ್ ಹೈಬ್ರಿಡ್ ಇದಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ. ವಿದ್ಯುತ್ ಕಂಪ್ರೆಸರ್, ಇ-ಸಿವಿಟಿ ಅದರಲ್ಲೂ ಇದೆ. ಹಳೆಯ ಇನೋವಾದ ಹಾಗೆ ಚಾಸಿ ಮೇಲೆ ಬಾಡಿ ಕೂರಿಸಿದ್ದಲ್ಲ, ಕಾರಿನಂತೆ ಒಂದೇ ಕಟ್ಟು. ಹಾಗಾಗಿ ಓಲಾಟವೂ ಕಡಿಮೆ. ಐದು ಜನರ ಮನೆಗೆ, ಅದರಲ್ಲೂ ಮಂಡಿ ನೋವಿನ ತಾಯಿ ಇರುವ ಮನೆಗೆ ಸೆಡಾನ್ ಯಾಕೆ ಅನ್ನುವುದು ನನ್ನ ನೇರ ಪ್ರಶ್ನೆ.

ಡಲ್ಲಾಸ್ ಕನ್ನಡಿಗ:

ಇಲ್ಲಿಂದ ಒಂದು ಮಾತು ಸೇರಿಸ್ತೀನಿ. ಅಮೆರಿಕದಲ್ಲಿ ಕಾರಿನ ದರ್ಜೆಯನ್ನು ಉದ್ದದಿಂದ ಅಳೆಯಲ್ಲ. ಜನ ಕೂರೋ ಜಾಗ ಮತ್ತು ಡಿಕ್ಕಿ ಸೇರಿ ಒಟ್ಟು 120 ಘನ ಅಡಿ ಅಥವಾ ಹೆಚ್ಚಿದ್ದರೆ ಅದು ದೊಡ್ಡ ಕಾರು. ಕ್ಯಾಮ್ರಿಯನ್ನು ಇಲ್ಲಿ ಮಧ್ಯಮ ಗಾತ್ರದ್ದು ಅಂತಲೇ ಮಾರ್ತಾರೆ.

ನಿಜವಾದ ದೊಡ್ಡ ಸೆಡಾನ್‌ಗಳು ಇಲ್ಲಿ ಒಂದೊಂದಾಗಿ ಹೋದವು. ಫೋರ್ಡ್ ಟಾರಸ್ 2019ರಲ್ಲಿ ನಿಂತಿತು, ಶೆವರ್ಲೆ ಇಂಪಾಲಾ 2020ರಲ್ಲಿ. ಟೊಯೊಟಾ ಅವಲಾನ್ 2022ರ ಮಾಡೆಲ್‌ಗೆ ಮುಗೀತು. ಅವಲಾನ್ ಜಾಗಕ್ಕೆ ಬಂದ ಕ್ರೌನ್ ನೋಡಿದರೆ ಕಾರಣ ಅರ್ಥ ಆಗುತ್ತೆ. ಸೆಡಾನ್ ಆಕಾರವೇ, ಆದರೆ ಕ್ಯಾಮ್ರಿಗಿಂತ ಸುಮಾರು ನಾಲ್ಕು ಇಂಚು ಎತ್ತರ, ಸೀಟೂ ಎತ್ತರ. ದೊಡ್ಡ ಸೆಡಾನ್ ತಗೊಳ್ಳೋರಲ್ಲಿ ವಯಸ್ಸಾದವರೇ ಜಾಸ್ತಿ, ಅವರಿಗೆ ಕೆಳಕ್ಕೆ ಇಳಿದು ಕೂರೋದು ಕಷ್ಟ. ಊರಿಂದ ಬಂದ ಅಪ್ಪ ಅಮ್ಮನನ್ನು ಏರ್‌ಪೋರ್ಟಿಂದ ಮನೆಗೆ ಕರ್ಕೊಂಡು ಬರೋ ನಮ್ಮಂಥವರಿಗೆಲ್ಲ ಇದು ಗೊತ್ತಿರೋದೇ. ಇಪ್ಪತ್ತು ಗಂಟೆ ವಿಮಾನದಲ್ಲಿ ಕೂತು ಬಂದ ಮಂಡಿಗೆ ಆ ನಾಲ್ಕು ಇಂಚು ಸಣ್ಣದಲ್ಲ.

ಎಲೆಕ್ಟ್ರಿಕ್ ಸೆಡಾನ್ ನೋಡೋ ಯೋಚನೆ ಇದ್ದರೆ ಮೇಷ್ಟ್ರು ಹೇಳಿದ ಟೇಪು ಇನ್ನೂ ಮುಖ್ಯ. ಬ್ಯಾಟರಿ ಫ್ಲೋರಿನಡಿ ಇರೋದ್ರಿಂದ ಫ್ಲೋರು ಮೇಲೆ ಬರುತ್ತೆ, ಸೀಟು ಅಷ್ಟೇ ಎತ್ತರದಲ್ಲಿ ಉಳಿಯುತ್ತೆ, ಮಂಡಿ ಎದೆ ಕಡೆಗೆ ಬರುತ್ತೆ.

ಶಿರಾಡಿ ದಾಟಿದವ:

ಶನಿವಾರ ಎಲ್ಲರನ್ನೂ ಕರ್ಕೊಂಡು ಹೋಗಿ ನೋಡಿ ಬಂದೆ. ಟೇಪು ಜೇಬಿನಲ್ಲೇ ಇತ್ತು.

ಒಂದು ಶೋರೂಮಿನಲ್ಲಿ ಐದು ಜನ ಕೂತು ಓಡಿಸೋಕೆ ಒಪ್ಪಲಿಲ್ಲ, ಇಬ್ಬರು ಸಾಕು ಅಂದರು. ಎದ್ದು ಬಂದ್ವಿ. ಇನ್ನೊಂದು ಕಡೆ ಒಪ್ಪಿದರು.

ಅಮ್ಮ ಕ್ಯಾಮ್ರಿಗೆ ಹತ್ತಿದ್ದನ್ನು ಹತ್ತಿರದಿಂದ ನೋಡಿದೆ. ಮೊದಲು ಬಲಗಾಲು ಒಳಗಿಟ್ಟರು, ತಲೆ ಬಾಗಿಲ ಮೇಲಂಚಿಗೆ ತಾಗೋ ಹಾಗಾಯ್ತು, ಹಿಂದೆ ಸರಿದರು. ಸೇಲ್ಸ್ ಹುಡುಗಿ ಬಂದು, ಅಮ್ಮಾ ಬೆನ್ನು ಕೊಟ್ಟು ಮೊದಲು ಕೂತ್ಕೊಳ್ಳಿ, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತನ್ನಿ ಅಂದಳು. ಹಾಗೆ ಮಾಡಿದಾಗ ಸಲೀಸಾಯ್ತು. ಇಳಿಯುವಾಗ ಮಾತ್ರ ನನ್ನ ಕೈ ಬೇಕಾಯ್ತು. ಹೈಕ್ರಾಸ್‌ನಲ್ಲಿ ಯಾರ ಸಹಾಯವೂ ಬೇಕಾಗಲಿಲ್ಲ, ಸೀಟು ಅವರ ಸೊಂಟದ ಎತ್ತರಕ್ಕೇ ಇತ್ತು.

ಆದರೆ ಅಪ್ಪ ಕ್ಯಾಮ್ರಿಯಲ್ಲಿ ಬೆನ್ನು ವಾಲಿಸಿಕೊಂಡು ಮೈಸೂರು ರಸ್ತೆಯಲ್ಲಿ ಹೋಗ್ತಾ ಇದ್ದಾಗ ಮಾತೇ ಆಡಲಿಲ್ಲ. ಇಳಿದ ಮೇಲೆ, ಇದರಲ್ಲಾದರೆ ಪುತ್ತೂರಿಗೆ ಒಂದೇ ಏಟಿಗೆ ಹೋಗಬಹುದು ಮಾರಾಯ ಅಂದರು. ಮಗಳನ್ನು ಮಧ್ಯೆ ಕೂರಿಸಿದ್ವಿ. ಮಡಚಿದ ಆರ್ಮ್‌ರೆಸ್ಟೇ ಅವಳಿಗೆ ಬೆನ್ನೊರಗು, ಗಟ್ಟಿ ಇದೆ. ಫ್ಲೋರಿನ ಉಬ್ಬು ಅವಳ ಕಾಲಿಗೆ ಅಡ್ಡ ಬರಲಿಲ್ಲ. ಹೆಂಡತಿ ಮಧ್ಯೆ ಕೂತು ನೋಡಿದಳು, ಐದೇ ನಿಮಿಷಕ್ಕೆ ಸಾಕು ಅಂದಳು. ಹೈಕ್ರಾಸ್‌ನಲ್ಲಿ ಮಧ್ಯದ ಸಾಲಿನ ಎರಡು ದೊಡ್ಡ ಸೀಟಲ್ಲಿ ಅಪ್ಪ ಅಮ್ಮ ರಾಜರ ಹಾಗೆ. ಮಗಳು ಮೂರನೇ ಸಾಲಿಗೆ ಹೋಗಬೇಕು. ಘಟ್ಟದಲ್ಲಿ ಅವಳೊಬ್ಬಳನ್ನೇ ಹಿಂದಿನ ಚಕ್ರದ ಮೇಲೆ ಕೂರಿಸೋಕೆ ನನಗೆ ಮನಸ್ಸಿಲ್ಲ.

ಕರಾವಳಿ ಚಾಲಕಿ:

ಮಗಳನ್ನು ಮೂರನೇ ಸಾಲಿಗೆ ಕಳಿಸಲೇಬೇಡಿ. ತಿರುವಿನಲ್ಲಿ ಅತಿ ಹೆಚ್ಚು ತೂಗುವುದು ಅಲ್ಲಿಯೇ. ಹೈಕ್ರಾಸ್ ಆದರೆ ಮಧ್ಯದಲ್ಲಿ ಬೆಂಚ್ ಸೀಟು ಇರುವ ಎಂಟು ಸೀಟಿನ ಮಾಡೆಲ್ ನೋಡಿ.

ಇನ್ನೊಂದು ದಾರಿ ಹೇಳುತ್ತೇನೆ. ತಾಯಿಯವರನ್ನು ಮುಂದೆ ಕೂರಿಸಿ. ಕ್ಯಾಮ್ರಿಯಲ್ಲಿ ಮುಂದಿನ ಸೀಟು ವಿದ್ಯುತ್ತಿನಿಂದ ಮೇಲೆ ಕೆಳಗೆ ಆಗುತ್ತದೆ, ತಂಪು ಗಾಳಿ ಬಿಡುತ್ತದೆ, ಮುಂದಿನ ಬಾಗಿಲೂ ಅಗಲ. ಇಳಿಯುವ ಮುಂಚೆ ಸೀಟು ಪೂರ್ತಿ ಮೇಲಕ್ಕೆತ್ತಿ ಹಿಂದಕ್ಕೆ ತಳ್ಳಿದರೆ ಮಂಡಿಯ ಕೆಲಸ ಅರ್ಧ ಕಡಿಮೆ. ಹಿಂದೆ ತಂದೆಯವರು, ನಡುವೆ ಮಗಳು, ಆ ಕಡೆ ನಿಮ್ಮ ಹೆಂಡತಿ. ಮನೆಯ ಹಿರಿಯರು ಹಿಂದೆಯೇ ಕೂರಬೇಕು ಅನ್ನುವ ರೂಢಿ ಬಿಟ್ಟರೆ ಇದೇ ಕಾರು ಐದು ಜನರಿಗೆ ಒಗ್ಗುತ್ತದೆ.

ಹಿಂದೆ ಕೂತವರೆಲ್ಲ ಬೆಲ್ಟ್ ಹಾಕಲಿ. ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ ದಂಡ 1000 ರೂಪಾಯಿ. ದಂಡ ಬಿಡಿ, ಸೀಟು ವಾಲಿಸಿ ಮಲಗಿದವರು ಬೆಲ್ಟ್ ಅಡಿಯಿಂದ ಜಾರಿಹೋಗುವ ಅಪಾಯ ಜಾಸ್ತಿ. ಎಷ್ಟು ವಾಲಿಸಿದರೂ ಭುಜದ ಪಟ್ಟಿ ಎದೆಗೆ ಅಂಟಿಕೊಂಡಿರಬೇಕು.

ಶಿರಾಡಿ ದಾಟಿದವ:

ಅಮ್ಮ ಮುಂದೆ! ಇದು ನಮ್ಮ ಯಾರ ತಲೆಗೂ ಬಂದಿರಲಿಲ್ಲ ಮೇಡಂ. ಭಾನುವಾರ ಮತ್ತೆ ಹೋಗಿ ಕೂರಿಸಿ ನೋಡಿದೆ. ಒಬ್ಬರೇ ಇಳಿದರು. 2021ರ ಒಂದು ಕ್ಯಾಮ್ರಿ ನೋಡಿಟ್ಟಿದ್ದೀನಿ, ಒಬ್ಬರೇ ಮಾಲೀಕರು, ಸರ್ವಿಸ್ ದಾಖಲೆ ಪೂರ್ತಿ ಇದೆ. ಜಾಲರಿ ಬಿಚ್ಚಿಸಿ ನೋಡಿದೆ, ಫಿಲ್ಟರ್ ಸ್ವಚ್ಛ ಇತ್ತು. ಬ್ಯಾಟರಿ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಅಡ್ವಾನ್ಸ್ ಕೊಡ್ತೀನಿ. ಬೇರೆ ಏನಾದರೂ ನೋಡಬೇಕಾ?

ಗ್ಯಾರೇಜ್ ಮೇಷ್ಟ್ರು:

ಟಯರ್ ನೋಡಿ. ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ, ಮೊದಲ ಎರಡು ಯಾವ ವಾರ, ಕೊನೆ ಎರಡು ಯಾವ ವರ್ಷ ತಯಾರಾದದ್ದು ಅಂತ. 2021ರ ಟಯರೇ ಇನ್ನೂ ಇದ್ದರೆ ರಬ್ಬರು ಗಟ್ಟಿಯಾಗಿರುತ್ತೆ. ಕಾಂಕ್ರೀಟ್ ರಸ್ತೆಯಲ್ಲಿ ಹಿಂದಿನ ಸೀಟಿಗೆ ಗುಂಯ್ ಅನ್ನೋ ಸದ್ದು ಬರೋದು ಹೆಚ್ಚಾಗಿ ಅದರಿಂದ. ಬದಲಿಸೋ ಖರ್ಚನ್ನು ಈಗಲೇ ಬೆಲೆಯಲ್ಲಿ ಇಳಿಸಿಕೊಳ್ಳಿ.

ಗಾಳಿ ಎಷ್ಟಿರಬೇಕು ಅನ್ನೋದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಚೀಟಿಯಲ್ಲಿದೆ. ಬಂಕಿನ ಹುಡುಗರು ಎಲ್ಲ ಕಾರಿಗೂ ಒಂದೇ ಅಳತೆ ತುಂಬಿಸ್ತಾರೆ, ಜಾಸ್ತಿ ತುಂಬಿದರೆ ಇಷ್ಟು ದುಡ್ಡು ಕೊಟ್ಟು ತಗೊಂಡ ಸಸ್ಪೆನ್ಶನ್ ಕಲ್ಲಿನ ಹಾಗೆ ಆಗುತ್ತೆ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ಹಾಕಿಸಿ. ಐದು ಜನ, ಸಾಮಾನು ಸಮೇತ ಊರಿಗೆ ಹೊರಡೋ ದಿನ ಚೀಟಿಯಲ್ಲಿ ಪೂರ್ತಿ ಲೋಡಿಗೆ ಬೇರೆ ಅಳತೆ ಕೊಟ್ಟಿದ್ದರೆ ಅಷ್ಟು ಹಾಕಿ. ವಾಪಸ್ ಬಂದ ಮೇಲೆ ಇಳಿಸೋದು ಮರೀಬೇಡಿ.